ಹೊಸ ಬೋರ್ಡೋ ರೆಡ್ ವೈನಿಗೆ ಮೊದಲು ಗಾಳಿ ಕೊಡಿ

ಕಾಳುಮೆಣಸಿನ ಬಳ್ಳಿಗೆ ಹೊಡೆಯುವ ಬೋರ್ಡೋ ದ್ರಾವಣ ಕೊಡಗಿನವರಿಗೆ ಗೊತ್ತೇ ಇದೆ. ಅದು ಹುಟ್ಟಿದ್ದು 1880ರ ದಶಕದಲ್ಲಿ, ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ. ಅಲ್ಲಿನ ಹೆಸರಾಂತ ತೋಟದ ರೆಡ್ ವೈನನ್ನು ನೆಂಟರು ತಂದುಕೊಟ್ಟರೆ ನಮ್ಮಲ್ಲಿ ತಕ್ಷಣ ಬಿಚ್ಚಿ, ಐಸ್ ಹಾಕಿ, 'ಬರೀ ಒಗರು, ಮನೆ ವೈನೇ ವಾಸಿ' ಎನ್ನುತ್ತಾರೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಮೊದಲು ಲೇಬಲ್ಲಿನ ಇಸವಿ ನೋಡಿ. ಅದು ದ್ರಾಕ್ಷಿ ಕೊಯ್ದ ವರ್ಷ. ಐದಾರು ವರ್ಷವೂ ಆಗಿಲ್ಲವೇ? ಹಾಗಾದರೆ ಅದು ಎಳೆ ವೈನ್. ಬೋರ್ಡೋದ ಹೆಸರಾಂತ ತೋಟಗಳಿಗೆ ದರ್ಜೆ ಕೊಟ್ಟ 1855ರ ಶ್ರೇಣಿ ಪಟ್ಟಿಯಲ್ಲಿ ತೋಟದ ಹೆಸರಿದ್ದರೆ ಬಿಚ್ಚಲೇಬೇಡಿ. ತಂಪಾದ ಕತ್ತಲೆ ಜಾಗದಲ್ಲಿ ಅಡ್ಡ ಮಲಗಿಸಿ, ವರ್ಷಗಟ್ಟಲೆ ಇಡಿ. ಅಡುಗೆಮನೆ ಅಟ್ಟ ಬೇಡ.

ಕುಡಿಯುವಾಗ 16ರಿಂದ 18 ಡಿಗ್ರಿ ಇರಲಿ. ಮಳೆಗಾಲದ ಮಡಿಕೇರಿಯಲ್ಲಿ ಮನೆಯ ತಂಪೇ ಸಾಕು. ಗೋಣಿಕೊಪ್ಪದ ಏಪ್ರಿಲ್ ಸೆಕೆಗೆ ಅರ್ಧ ಗಂಟೆ ಫ್ರಿಜ್. ಜಾಸ್ತಿ ತಣ್ಣಗಾದರೆ ಒಗರು ಇನ್ನೂ ಏಳುತ್ತದೆ.

ಈಗ ಮುಖ್ಯ ಕೆಲಸ. ಕಾರ್ಕ್ ತೆಗೆದು ಬಾಟಲಿ ಹಾಗೇ ಇಟ್ಟರೆ ಸಾಕು ಎಂದು ತುಂಬಾ ಜನ ತಿಳಿದಿದ್ದಾರೆ. ಸಾಲದು. ಆ ಸಣ್ಣ ಕತ್ತಿನಲ್ಲಿ ಗಾಳಿ ತಾಗುವ ಜಾಗ ಒಂದು ಬೆರಳಗಲ ಅಷ್ಟೆ. ಅಗಲ ತಳದ ಗಾಜಿನ ಜಗ್ ತೊಳೆದು, ಸೋಪಿನ ವಾಸನೆ ಇಲ್ಲವೆಂದು ಮೂಸಿ ನೋಡಿ. ತಾಮ್ರ, ಹಿತ್ತಾಳೆ ಬೇಡ, ವೈನಿನಲ್ಲಿ ಹುಳಿ ಇದೆ. ವೈನನ್ನು ಜಗ್ಗಿನ ಗೋಡೆಗೆ ಹರಡುವಂತೆ ಪೂರ್ತಿ ಸುರಿಯಿರಿ. ಮೇಲೆ ತೆಳು ಬಟ್ಟೆ ಮುಚ್ಚಿ. ಇಲ್ಲದಿದ್ದರೆ ಸಣ್ಣ ನೊಣ ಬೀಳುತ್ತವೆ. ಅರ್ಧ ಗಂಟೆಗೊಮ್ಮೆ ಒಂದು ಗುಟುಕು ರುಚಿ ನೋಡಿ. ಮೊದಲ ಗುಟುಕು ಎಳೆ ಅಡಿಕೆ ಜಗಿದ ಹಾಗೆ ನಾಲಿಗೆ ಹಿಡಿಯುತ್ತದೆ. ಹೆದರಬೇಡಿ. ಮೆರ್ಲೋ ಎಂಬ ದ್ರಾಕ್ಷಿ ತಳಿ ಹೆಚ್ಚಿರುವ, ಬೋರ್ಡೋದ ಸೇಂಟ್ ಎಮಿಲಿಯೋನ್ ಊರಿನ ವೈನಿಗೆ ಒಂದು ಗಂಟೆ ಸಾಕಾಗಬಹುದು. ಕ್ಯಾಬರ್ನೆ ಸಾವಿನ್ಯೋ ತಳಿ ಹೆಚ್ಚಿರುವ, ಅಲ್ಲಿನದೇ ಪೋಯಾಕ್ ಊರಿನ ವೈನಿಗೆ ಎರಡು, ಮೂರು ಗಂಟೆಯೂ ಬೇಕು. ಹಣ್ಣಿನ ಪರಿಮಳ ಮುಂದೆ ಬಂದಾಗ ಬಡಿಸಿ.

ನೆಂಟರು ಬಾಗಿಲಲ್ಲೇ ಇದ್ದರೆ ಎರಡು ಜಗ್ಗುಗಳ ನಡುವೆ ನಾಲ್ಕೈದು ಸಲ ಸುರಿಯಿರಿ. ಪರಿಮಳ ಬಿಚ್ಚುತ್ತದೆ, ಒಗರು ಮಾತ್ರ ಅಷ್ಟಾಗಿ ಇಳಿಯುವುದಿಲ್ಲ. ಬಾಟಲಿ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಸಾಮಾನಿಗೆ ಸುಮ್ನೆ ದುಡ್ಡು ಹಾಕಬೇಡಿ. ಇಪ್ಪತ್ತು ವರ್ಷ ಹಳೆಯ ವೈನಿಗೆ ಮಾತ್ರ ಇದ್ಯಾವುದೂ ಬೇಡ. ಇಷ್ಟು ಗಾಳಿಗೆ ಅದರ ಪರಿಮಳ ಸೋರಿ ಹೋಗುತ್ತದೆ.

ಜೊತೆಗೆ ಪಂದಿ ಕರಿ, ಕಡಂಬುಟ್ಟು ಇರಲಿ. ಪಂದಿಯ ಕೊಬ್ಬು ಒಗರನ್ನು ತಗ್ಗಿಸುತ್ತದೆ. ಅವತ್ತು ಹಸಿಮೆಣಸಿನ ಖಾರ ಮಾತ್ರ ಕಡಿಮೆ ಮಾಡಿ. ಖಾರ ಏರಿದರೆ ವೈನ್ ಬಾಯಿ ಸುಡುತ್ತದೆ. ಉಳಿದದ್ದನ್ನು ಬಾಟಲಿಗೆ ಹಾಕಿ, ಕಾರ್ಕ್ ಬಿಗಿದು ಫ್ರಿಜ್‌ನಲ್ಲಿಡಿ. ಎರಡು ದಿನದೊಳಗೆ ಮುಗಿಸಿ.