ಬ್ರಿಕ್ಸ್ ನೋಡದೆ ಕಬ್ಬು ಕಡಿಸಬೇಡಿ

ನಮ್ಮದು ಹರಿಹರದ ಹತ್ತಿರ, ಭದ್ರಾ ನಾಲೆಯ ಕೆಳಗೆ ನಾಲ್ಕು ಎಕರೆ, ಜೊತೆಗೊಂದು ಸಣ್ಣ ಆಲೆಮನೆ. ಅಪ್ಪ ಕಬ್ಬು ಅಗಿದು ನೋಡಿ ‘ಇನ್ನೆಂಟು ದಿನ ಬಿಡು’ ಅನ್ನೋರು. ನನ್ನ ನಾಲಿಗೆಗೆ ಅಷ್ಟು ಬುದ್ಧಿ ಇಲ್ಲ, ರಿಫ್ರಾಕ್ಟೋಮೀಟರ್ ಇಟ್ಕೊಂಡಿದೀನಿ. ಕಬ್ಬಿನ ಹಾಲಿನ ಹನಿ ಬಿಟ್ಟರೆ ಸಿಹಿ ಎಷ್ಟಿದೆ ಅಂತ ಬ್ರಿಕ್ಸ್ ಅನ್ನೋ ಅಳತೆಯಲ್ಲಿ ತೋರಿಸೋ ಉಪಕರಣ ಅದು. ಕೈಲಿ ಹಿಡಿಯೋದು, 0ರಿಂದ 32ರವರೆಗೆ ಗೆರೆ ಇರೋದು ಸಾಕು.

ಮೊದಲು ಅದರ ಗಾಜಿನ ಮೇಲೆ ಎರಡು ಹನಿ ಡಿಸ್ಟಿಲ್ಡ್ ವಾಟರ್ ಬಿಡಿ, ಇನ್ವರ್ಟರ್ ಬ್ಯಾಟರಿಗೆ ಹಾಕ್ತೀವಲ್ಲ, ಅದೇ. ಮುಚ್ಚಳ ಹಾಕಿ ಬೆಳಕಿಗೆ ಹಿಡಿದರೆ ನೀಲಿ-ಬಿಳಿ ಕೂಡೋ ಜಾಗ 0 ಮೇಲೆ ನಿಲ್ಲಬೇಕು. ನಿಲ್ಲದಿದ್ದರೆ ಸ್ಕ್ರೂ ತಿರುಗಿಸಿ ಕೂರಿಸಿ. ಬೋರ್‌ವೆಲ್ ನೀರು ಬೇಡ.

ಬದುವಿನ ಪಕ್ಕದ ಕಬ್ಬು ನಂಬಬೇಡಿ. ಗದ್ದೆಯೊಳಗೆ ನಾಲ್ಕೈದು ಕಡೆ ಹೋಗಿ, ಒಂದೊಂದು ಕಬ್ಬಿನಲ್ಲೂ ಬುಡದ ಹನಿ, ಸುಳಿ ಕಡೆಯ ಹನಿ ಬೇರೆ ಬೇರೆ ನೋಡಿ. ಇಕ್ಕಳದಲ್ಲಿ ಹಿಂಡಿದರೆ ಹನಿ ಬೀಳುತ್ತೆ. ನಾನು ಒಂದು ಸಲ ಬುಡದ್ದು ಮಾತ್ರ ನೋಡಿ, 21 ಬಂತು ಅಂತ ಕುಣಿದು ಕಡಿಸಿಬಿಟ್ಟೆ. ತುದಿಯಲ್ಲಿ 14 ಇತ್ತು. ಕೊಪ್ಪರಿಗೆ ಮುಂದೆ ಸೌದೆ ಉರಿಸಿದ್ದೇ ಬಂತು, ಬೆಲ್ಲ ಅಚ್ಚಲ್ಲಿ ನಿಲ್ಲಲಿಲ್ಲ. ತುದಿಯದನ್ನು ಬುಡದ್ದರಿಂದ ಭಾಗಿಸಿದರೆ 1ಕ್ಕೆ ಹತ್ತಿರ ಬರಬೇಕು. 19.5ಕ್ಕೆ 20.5 ಅಂದ್ರೆ 0.95, ಕಡಿಸಿ. 14ಕ್ಕೆ 21 ಅಂದ್ರೆ 0.67, ಕಾಯಿರಿ. ನಾಲೆ ನೀರು ಹರಿಸಿದ ಮಾರನೇ ದಿನವೂ ಅಳೆಯಬೇಡಿ.

ಬೆಳಗ್ಗೆ ತಂಪಿನಲ್ಲೇ ಅಳೆಯಿರಿ. ಉಪಕರಣ 20 ಡಿಗ್ರಿಗೆ ಹೊಂದಿಸಿರ್ತಾರೆ. ತಾನೇ ಸರಿಪಡಿಸಿಕೊಳ್ಳದ ಮಾದರಿಯಾದರೆ 30 ಡಿಗ್ರಿಯಲ್ಲಿ ಸುಮಾರು 0.8 ಕಡಿಮೆ ತೋರಿಸುತ್ತೆ, ಅಷ್ಟು ಕೂಡಿಸಿ.

ಈಗ ಲೆಕ್ಕ. 20 ಬ್ರಿಕ್ಸ್ ಅಂದ್ರೆ 100 ಕಿಲೋ ಕಬ್ಬಿನ ಹಾಲಿನಲ್ಲಿ 20 ಕಿಲೋ ಕರಗಿದ ಪದಾರ್ಥ. ಬಹುಪಾಲು ಸಕ್ಕರೆ, ಪೂರ್ತಿ ಅಲ್ಲ. ಇದು ತೂಕದ ಲೆಕ್ಕ. ಲೀಟರಿಗೆ ಬೇಕಂದ್ರೆ, ಆ ಹಾಲು ಲೀಟರಿಗೆ ಸುಮಾರು 1.08 ಕಿಲೋ ತೂಗುತ್ತೆ, ಹಾಗಾಗಿ 216 ಗ್ರಾಂ. ಹಾಲಿನಲ್ಲಿ ತೇಲಿಬಿಟ್ಟು ಸಾಂದ್ರತೆ ನೋಡೋ ಹಳೇ ಹೈಡ್ರೋಮೀಟರಿನಲ್ಲಿ ಬೋಮೆ ಅನ್ನೋ ಅಳತೆ ಇದ್ರೆ 1.8ರಿಂದ ಗುಣಿಸಿ, 11 ಬೋಮೆ ಸುಮಾರು 20 ಬ್ರಿಕ್ಸ್. ಮನೆಯಲ್ಲಿ ಬಿಯರ್ ಮಾಡೋರು ಹೆಚ್ಚುಕಡಿಮೆ ಇದೇ ಅಳತೆಗೆ ಪ್ಲೇಟೊ ಅಂತಾರೆ. ನೀರಿನದು 1 ಅಂತ ಹಿಡಿದು ಸಾಂದ್ರತೆ 1.048 ಇದ್ರೆ 48ನ್ನು 4ರಿಂದ ಭಾಗಿಸಿ 12 ಅನ್ನೋದು ಅವರ ಸುಲಭ ದಾರಿ. ಅವರಿಗೆ ಸರಿ. ನಮ್ಮ ಕಬ್ಬಿನ ಹಾಲಿನ 1.083ಕ್ಕೆ ಅದೇ ಮಾಡಿದ್ರೆ 21ರ ಹತ್ತಿರ ಬರುತ್ತೆ, ನಿಜವಾಗಿ ಇರೋದು 20.

ಹೈಡ್ರೋಮೀಟರ್ ಬಿಡೋ ಮುಂಚೆ ಹಾಲಿನ ನೊರೆ ಇಳಿಯಲಿ. ರಿಫ್ರಾಕ್ಟೋಮೀಟರಿನ ಗಾಜನ್ನು ಮಾತ್ರ ಆಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿಡಿ. ಒಮ್ಮೆ ಮರೆತು ಜೇಬಿಗೆ ಹಾಕ್ಕೊಂಡೆ, ಮನೆ ಮುಟ್ಟೋಷ್ಟರಲ್ಲಿ ಅಂಗಿ ತುಂಬ ಇರುವೆ.