ಹಿತ್ತಲಲ್ಲೊಂದು ಕೆಂಡದ ಕಟ್ಟೆ: ಎರಡು ಸಲ ಕಟ್ಟಿದ ಅನುಭವ

ಮೊದಲ ಸಲ ಕೆಂಡ ಹಾಕಿದ ಸಂಜೆಯೇ ಗ್ರಾನೈಟ್ ಸೀಳಿತು. ಪಟ್ ಅಂತ ಒಂದೇ ಸದ್ದು. ಒಲೆಯ ಅಂಚಿನಿಂದ ಕಟ್ಟೆಯ ಮೂಲೆವರೆಗೂ ಕೂದಲೆಳೆಯಷ್ಟು ಗೆರೆ ಬಿದ್ದಿತ್ತು. ಒಂದು ತಿಂಗಳ ಭಾನುವಾರಗಳನ್ನೆಲ್ಲ ಸುರಿದು ಕಟ್ಟಿದ್ದೆ. ಅವತ್ತು ರಾತ್ರಿ ಊಟ ಸೇರಲಿಲ್ಲ.

ನಮ್ಮ ಮನೆ ಮೈಸೂರಿನ ಬೋಗಾದಿ ಕಡೆ. ಹಿಂದೆ ಸ್ವಲ್ಪ ಜಾಗ ಬಿಟ್ಟಿದ್ದೆವು. ಅಲ್ಲಿ ಸುತ್ತಲೂ ನಿಂತು ಅಡುಗೆ ಮಾಡುವಂಥ ಒಂದು ಕಟ್ಟೆ, ಅದರೊಳಗೇ ಕೂರಿಸಿದ ಇದ್ದಿಲಿನ ಗ್ರಿಲ್ ಬೇಕು ಅನ್ನುವುದು ಬಹಳ ದಿನದ ಆಸೆ. ಐಲ್ಯಾಂಡ್ ಅಂತಾರಲ್ಲ, ಅದು. ರೆಡಿ ಸಿಗುವ ಸ್ಟೀಲ್ ಪೆಟ್ಟಿಗೆಗಳನ್ನು ನೋಡಿದೆ. ತಗಡು ತೆಳು, ಬೆಲೆ ಜಾಸ್ತಿ. ನಾನೇ ಕಟ್ಟೋಣ ಅನ್ನಿಸಿತು. ಗಾರೆ ಕೆಲಸ ನನಗೆ ಗೊತ್ತಿರಲಿಲ್ಲ. ಮನೆ ಕಟ್ಟಿದ ಮೇಸ್ತ್ರಿ ಎರಡು ಭಾನುವಾರ ಬಂದು ಕರಣೆ ಹಿಡಿಯುವುದನ್ನು ಹೇಳಿಕೊಟ್ಟರು.

ಜಾಗ ಆರಿಸುವುದಕ್ಕೇ ಒಂದು ವಾರ ಹಿಡಿಯಿತು. ಅವ್ವ ಆಗ್ನೇಯ ಮೂಲೆಯೇ ಆಗಬೇಕು ಅಂದರು. ನನಗೆ ಗಾಳಿಯ ಚಿಂತೆ. ಮೈಸೂರಿನಲ್ಲಿ ಆಷಾಢದ ಗಾಳಿ ಪಡುವಣದಿಂದ ಬೀಸುತ್ತೆ, ತೆಂಗಿನ ಗರಿಗಳೆಲ್ಲ ಒಂದೇ ಕಡೆ ಬಾಗುವಷ್ಟು ಜೋರು. ಗಾಳಿ ಎದುರಿಂದ ಬಂದರೆ ಹೊಗೆ ನೇರ ಮುಖಕ್ಕೆ. ಬೆನ್ನ ಹಿಂದಿಂದ ಬಂದರೂ ತಪ್ಪಲ್ಲ. ನಮ್ಮ ಮೈಯೇ ಅಡ್ಡವಾಗಿ, ಮುಂದೆ ಸುಳಿ ಎದ್ದು ಹೊಗೆ ಮತ್ತೆ ಕಣ್ಣಿಗೇ ಬರುತ್ತೆ. ಗಾಳಿ ಪಕ್ಕದಿಂದ ಹಾಯಬೇಕು. ಬೆಳಿಗ್ಗೆ, ಸಂಜೆ ಊದುಬತ್ತಿ ಹಚ್ಚಿಟ್ಟು ಹೊಗೆ ಯಾವ ಕಡೆ ವಾಲುತ್ತೆ ಅಂತ ನೋಡಿದೆ. ಕೊನೆಗೆ ಆಗ್ನೇಯ ಮೂಲೆಯಲ್ಲೇ, ಬಡಗಣಕ್ಕೆ ಮುಖ ಮಾಡಿ ನಿಲ್ಲುವ ಹಾಗೆ ಗುರುತು ಹಾಕಿದೆ. ಮೂಡಣಕ್ಕೆ ಖಾಲಿ ಸೈಟು, ಹಾಗಾಗಿ ಹೊಗೆ ಯಾರ ಕಿಟಕಿಗೂ ಹೋಗುವುದಿಲ್ಲ. ಅವ್ವನಿಗೂ ಸಮಾಧಾನ. ತೆಂಗಿನ ಮರದಿಂದ ಮಾತ್ರ ದೂರ ಇರಲಿ. ಕಾಯಿ ಬೀಳುವ ಕಡೆ ಯಾರೂ ನಿಂತು ಅಡುಗೆ ಮಾಡಬಾರದು.

ಕಟ್ಟೆಯ ಅಳತೆ 8 ಅಡಿ ಉದ್ದ, 3 ಅಡಿ ಅಗಲ. ಎತ್ತರ ಸುಮಾರು 34 ಇಂಚು, ಒಳಗಿನ ಅಡುಗೆಮನೆ ಕಟ್ಟೆಯಷ್ಟೇ. ಒಂದು ಅಡಿ ಅಗೆದು, ದಮ್ಮಸು ಮಾಡಿ, 4 ಇಂಚು ಕಾಂಕ್ರೀಟ್ ಹಾಕಿದೆ. ಮೂಲೆ ನೇರ ಬರಲು ಹಳೆಯ ಲೆಕ್ಕವೇ ಸಾಕು: ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ. ಎರಡರ ನಡುವೆ ದಾರ 5 ಅಡಿ ಬಂದರೆ ಮೂಲೆ ಸರಿ. ಅದರ ಮೇಲೆ 6 ಇಂಚಿನ ಸಾಲಿಡ್ ಬ್ಲಾಕ್. ಮೂರು ವರಸೆ ಪೂರ್ತಿ, ನಾಲ್ಕನೆಯದನ್ನು ಅರ್ಧಕ್ಕೆ ಕತ್ತರಿಸಿದ್ದು. ಸುಮಾರು 50 ಬ್ಲಾಕ್ ಹಿಡಿಯಿತು. ಒಂದೊಂದೂ 20 ಕೆಜಿಗೆ ಮೇಲೆ ತೂಗುತ್ತೆ, ಒಬ್ಬರೇ ಎತ್ತಬೇಡಿ. ಒಳಗೆ ಮೂರು ಖಾನೆ: ನಡುವೆ 32 ಇಂಚಿನದು ಒಲೆಗೆ, ಅಕ್ಕಪಕ್ಕ 20 ಇಂಚಿನವು ಇದ್ದಿಲಿಗೂ ಪಾತ್ರೆಗೂ. ಮೇಲೆ ಎರಡೂವರೆ ಇಂಚಿನ ಸ್ಲ್ಯಾಬ್, 8 ಎಂಎಂ ಕಂಬಿ, ಒಲೆಯ ಜಾಗ ಮಾತ್ರ ಖಾಲಿ. ಗೋಣಿಚೀಲ ಹೊದಿಸಿ ಎರಡು ವಾರ ದಿನಕ್ಕೆ ಮೂರು ಹೊತ್ತು ನೀರು ಹಾಕಿದೆವು. ಏಪ್ರಿಲ್ ಬಿಸಿಲಿಗೆ ಅದು ಬೇಕೇ ಬೇಕು.

ಪಕ್ಕದ ಖಾನೆಯಲ್ಲಿ ಸಿಲಿಂಡರ್ ಇಟ್ಟು ಒಂದು ಗ್ಯಾಸ್ ಬರ್ನರ್ ಕೂರಿಸೋಣ ಅಂತ ಹೆಂಡತಿ ಕೇಳಿದ್ದಳು. ಯೋಚಿಸಿ ಬಿಟ್ಟೆವು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ಕೂರುತ್ತೆ, ಮೂರು ಕಡೆ ಗೋಡೆಯಿರುವ ಖಾನೆಯಲ್ಲಿ ತುಂಬಿಕೊಳ್ಳುತ್ತೆ. ಪಕ್ಕದಲ್ಲೇ ಕೆಂಡ. ಹಾಕಲೇಬೇಕು ಅನ್ನುವವರು ಖಾನೆಯ ಬುಡದಲ್ಲಿ, ನೆಲಕ್ಕೆ ಸಮವಾಗಿ ಎರಡು ಕಡೆ ಗಾಳಿಕಿಂಡಿ ಬಿಡಬೇಕು. ಮೇಲೆ ಕಿಂಡಿ ಬಿಟ್ಟರೆ ಅದರಿಂದ ಕೆಲಸ ಆಗುವುದಿಲ್ಲ.

ಇಷ್ಟರವರೆಗೆ ಎಲ್ಲ ಸರಿಯಿತ್ತು. ತಪ್ಪಿದ್ದು ಒಲೆಯಲ್ಲಿ. ಫೈರ್ ಬ್ರಿಕ್, ಅಂದರೆ ಬೆಂಕಿ ತಾಳುವ ಇಟ್ಟಿಗೆ ತಂದಿದ್ದೆ, 9 ಇಂಚು ಉದ್ದ, ನಾಲ್ಕೂವರೆ ಅಗಲ, 3 ದಪ್ಪದ್ದು. ಆದರೆ ಅದನ್ನು ಗೋಡೆಗೆ ಹಾಕಿದ ಸಿಮೆಂಟ್ ಗಾರೆಯಲ್ಲೇ ಕಟ್ಟಿದೆ. ಇಟ್ಟಿಗೆಗೂ ಬ್ಲಾಕಿಗೂ ನಡುವೆ ಉಳಿದ ಸಂದಿಗೂ ಗಾರೆ ತುಂಬಿದೆ. ಗಟ್ಟಿಯಾಗಲಿ ಅಂತ. ಗ್ರಾನೈಟನ್ನು ಇಟ್ಟಿಗೆಗೆ ತಾಗಿಸಿ ಕೂರಿಸಿದೆ. ನೋಡಲು ಬಹಳ ಚೆನ್ನಾಗಿತ್ತು.

ಸೀಳಿದ ಮೇಲೆ ನಮ್ಮ ಸೋದರಮಾವನಿಗೆ ಫೋನ್ ಮಾಡಿದೆ. ಪಾಂಡವಪುರದ ಹತ್ತಿರ ಅವರು ಬಹಳ ವರ್ಷ ಆಲೆಮನೆ ನಡೆಸಿದವರು. ಮಾರನೇ ಭಾನುವಾರ ಬಸ್ಸು ಹತ್ತಿ ಬಂದರು. ಒಲೆಯೊಳಗೆ ಕೈ ಹಾಕಿ ಸಂದಿ ಕೆರೆದರು. ಸಿಮೆಂಟ್ ಪುಡಿಪುಡಿಯಾಗಿ ಉದುರಿತು.

"ಆಲೆಮನೆ ಒಲೆಗೆ ಸಿಮೆಂಟ್ ಮೆತ್ತಿದ್ದು ಎಲ್ಲಾದ್ರೂ ಕಂಡಿದ್ಯೇನೋ?" ಅಂದರು.

"ಇಲ್ಲ ಮಾವ."

"ಬೆಂಕಿಗೆ ಸಿಮೆಂಟ್ ಆಗಲ್ಲ ಕಣೋ, ಮಣ್ಣೇ ಆಗ್ಬೇಕು. ಒಲೆ ಕಾದ್ರೆ ಊದ್ಕೊಳ್ತದೆ. ಅದಕ್ಕೆ ಜಾಗ ಬಿಡ್ಲಿಲ್ಲ ನೀನು."

ಅದೇ ವಿಷಯ. ಸಿಮೆಂಟ್ ಗಟ್ಟಿಯಾಗುವುದು ನೀರು ಹೀರಿಕೊಂಡು. ಜೋರು ಬೆಂಕಿ ಆ ನೀರನ್ನು ಮತ್ತೆ ಓಡಿಸಿಬಿಡುತ್ತೆ, ಗಾರೆ ಹುಡಿಯಾಗುತ್ತೆ. ಇಟ್ಟಿಗೆ ಕಾದು ಹಿಗ್ಗುತ್ತೆ, ಹೊರಗಿನ ಬ್ಲಾಕ್ ತಣ್ಣಗೆ ಹಾಗೇ ಇರುತ್ತೆ. ಎರಡನ್ನೂ ಬಿಗಿದು ಕಟ್ಟಿದರೆ ಯಾವುದಾದರೂ ಒಂದು ಬಿರಿಯಲೇಬೇಕು. ಗ್ರಾನೈಟಿನ ಒಂದು ಅಂಚು ಸುಡುತ್ತಾ ಇನ್ನೊಂದು ಅಂಚು ತಣ್ಣಗಿದ್ದರೆ ಅದೂ ತಾಳುವುದಿಲ್ಲ. ನನ್ನ ಕಟ್ಟೆಯಲ್ಲಿ ಮೂರೂ ಆಗಿತ್ತು.

ಒಲೆ ಪೂರ್ತಿ ಕಿತ್ತೆ. ಎರಡನೇ ಸಲ ಅದನ್ನು ಕಟ್ಟೆಯೊಳಗೆ ಇಟ್ಟ ಬೇರೆಯದೇ ಒಂದು ಪೆಟ್ಟಿಗೆಯ ಹಾಗೆ ಕಟ್ಟಿದೆ. ಸುತ್ತಲೂ ಒಂದು ಇಂಚು ಖಾಲಿ. ಆ ಸಂದಿಗೆ ಏನೂ ತುಂಬಿಲ್ಲ, ಕಸ ಬೀಳದಂತೆ ಮೇಲೆ ಸ್ಟೀಲ್ ಪಟ್ಟಿ ಸುಮ್ನೆ ಇಟ್ಟಿದ್ದೇನೆ, ಅಂಟಿಸಿಲ್ಲ. ಒಲೆಯ ಒಳ ಅಳತೆ 24 ಇಂಚು ಉದ್ದ, 16 ಅಗಲ, 9 ಆಳ. ತಳಕ್ಕೆ ಇಟ್ಟಿಗೆ ಮಲಗಿಸಿ, ಗೋಡೆಗೆ ಮಗ್ಗುಲಾಗಿ ನಿಲ್ಲಿಸಿ ಎರಡು ವರಸೆ. 40 ಇಟ್ಟಿಗೆ ಸಾಕಾಯಿತು. ಗಾರೆಯ ಬದಲು ಫೈರ್ ಕ್ಲೇ, ಅಂದರೆ ಬೆಂಕಿ ತಾಳುವ ಮಣ್ಣು. ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಇಟ್ಟಿಗೆಯನ್ನು ನೀರಲ್ಲಿ ಅದ್ದಿ, ಸಂದಿ ತೆಳ್ಳಗೆ ಬರುವ ಹಾಗೆ ಒತ್ತಿ ಕೂರಿಸಬೇಕು. ದಪ್ಪ ಮೆತ್ತಿದರೆ ಒಣಗುವಾಗ ಬಿರಿಯುತ್ತೆ. ಇದಕ್ಕೆ ನೀರು ಹಾಕುವ ಹಾಗಿಲ್ಲ, ಒಣಗಲು ಬಿಡಬೇಕು. ಒಂದು ವಾರ ಬಿಟ್ಟು, ಮೊದಲ ದಿನ ತೆಂಗಿನ ಚಿಪ್ಪು ನಾಲ್ಕೈದು ಮಾತ್ರ ಉರಿಸಿದೆ. ಮಾರನೇ ದಿನ ಸ್ವಲ್ಪ ಜಾಸ್ತಿ. ನಾಲ್ಕನೇ ದಿನ ಒಲೆ ತುಂಬ ಕೆಂಡ.

ಗಾಳಿಯ ದಾರಿಯನ್ನೂ ಮಾವನೇ ಹೇಳಿಕೊಟ್ಟರು. ಆಲೆಮನೆಯಲ್ಲಿ ಹಸಿ ರಚ್ಚು (ರಸ ಹಿಂಡಿದ ಕಬ್ಬಿನ ಸಿಪ್ಪೆ) ಹಾಕಿದರೆ, ಇಲ್ಲ ಬೂದಿ ತುಂಬಿ ಗಾಳಿ ಕಟ್ಟಿದರೆ ಕೊಪ್ಪರಿಗೆ ಕುದಿಯುವುದೇ ಇಲ್ಲ, ಬರೀ ಹೊಗೆ. ಇಲ್ಲೂ ಅಷ್ಟೇ. ಮುಂದಿನ ಗೋಡೆಯ ಬುಡದಲ್ಲಿ ಎರಡು ಕಡೆ ಅರ್ಧರ್ಧ ಇಟ್ಟಿಗೆಯಷ್ಟು ಕಿಂಡಿ ಬಿಟ್ಟೆವು, ಹೊರಗಿನ ಬ್ಲಾಕಿಗೂ ಅದಕ್ಕೆ ಸರಿಯಾಗಿ ತೂತು. ಇದ್ದಿಲು ನೆಲದ ಮೇಲಲ್ಲ, ಎರಡು ಇಂಚು ಎತ್ತರದ ಕಂಬಿ ಜಾಲರಿಯ ಮೇಲೆ. ಕಿಂಡಿಗೆ ಇಟ್ಟಿಗೆ ಚೂರು ಅಡ್ಡ ಸರಿಸಿದರೆ ಉರಿ ತಗ್ಗುತ್ತೆ, ತೆಗೆದರೆ ಏರುತ್ತೆ. ತಳವನ್ನು ಮುಂದಕ್ಕೆ ಚೂರು ಇಳಿಜಾರು ಮಾಡಿದ್ದರಿಂದ ಮಳೆ ನೀರೂ ಆ ಕಿಂಡಿಯಲ್ಲೇ ಹರಿದುಹೋಗುತ್ತೆ.

ಮೇಲಿನ ಗ್ರಿಲ್ ಜಾಲರಿಗೆ ಅಂಗಡಿಯವರು ಮೊದಲು ಜಿಐ ತೋರಿಸಿದರು. ಅದು ಸತುವಿನ ಲೇಪ, ಆಹಾರ ಇಟ್ಟು ಸುಡಲು ಬೇಡವೇ ಬೇಡ. 304 ದರ್ಜೆಯ ಸ್ಟೀಲಿನ 8 ಎಂಎಂ ಕಂಬಿ ತಂದು ಆರ್ಗಾನ್ ವೆಲ್ಡಿಂಗ್ ಮಾಡಿಸಿದೆ. ಅಯಸ್ಕಾಂತ ಅಂಟದಿದ್ದರೆ ಸಾಕು ಅಂತ ನಂಬಬೇಡಿ, 202 ಸ್ಟೀಲೂ ಹೆಚ್ಚುಕಮ್ಮಿ ಅಂಟುವುದಿಲ್ಲ, ಆದರೆ ಬೇಗ ತುಕ್ಕು ಹಿಡಿಯುತ್ತೆ. ಬಿಲ್ಲಿನಲ್ಲಿ 304 ಅಂತ ಬರೆಸಿಕೊಳ್ಳಿ. ಇಡೀ ಕೆಲಸದಲ್ಲಿ ಜಾಸ್ತಿ ದುಡ್ಡು ಹೋಗಿದ್ದು ಇದಕ್ಕೇ, ಹೋಗಬೇಕಾದ್ದೂ ಇದಕ್ಕೇ. ಗ್ರಾನೈಟಿಗೆ ಕಟಿಂಗ್ ಮಾಡುವವರ ಹತ್ತಿರ ಉಳಿದ ತುಂಡುಗಳು ಸಿಕ್ಕವು. ಈ ಸಲ ಅದನ್ನು ಒಲೆಯ ಅಂಚಿನಿಂದ ಎರಡು ಇಂಚು ಹಿಂದಕ್ಕೆ ಸರಿಸಿ ಕೂರಿಸಿದೆ.

ಉರಿ ನೋಡುವುದಕ್ಕೆ ಅಂಗೈ ಸಾಕು. ಜಾಲರಿಯಿಂದ ಒಂದು ಗೇಣು ಮೇಲೆ ಹಿಡಿದು ಎಣಿಸಿ. ಎರಡು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕಾದರೆ ಜೋರು ಉರಿ, ಐದರವರೆಗೆ ತಡೆದರೆ ಹದ. ಮುಸುಕಿನ ಜೋಳಕ್ಕೆ ಹದ ಉರಿ. ಬದನೆಕಾಯಿಗೆ ಜೋರು ಉರಿಯೇ ಬೇಕು. ಸಿಪ್ಪೆ ಕರಕಲಾಗಿ ಒಳಗೆ ಬೆಣ್ಣೆಯ ಹಾಗಾದರೆ ಗೊಜ್ಜಿನ ರುಚಿಯೇ ಬೇರೆ. ಬನ್ನೂರು ಕುರಿಯ ಮಾಂಸದಲ್ಲಿ ಕೊಬ್ಬು ಚೆನ್ನಾಗಿರುತ್ತೆ, ಕೆಂಡಕ್ಕೆ ತೊಟ್ಟಿಕ್ಕಿ ಭುಗಿಲ್ ಅನ್ನುತ್ತೆ. ಅದಕ್ಕೇ ಕೆಂಡವನ್ನು ಒಂದು ಪಕ್ಕಕ್ಕೆ ಎಳೆದು, ಮಾಂಸವನ್ನು ಇನ್ನೊಂದು ಪಕ್ಕ ಇಡುತ್ತೇವೆ.

ಬೂದಿಯನ್ನು ಮಾರನೇ ಬೆಳಿಗ್ಗೆ ತೆಗೆದುಬಿಡುತ್ತೇನೆ. ಒದ್ದೆ ಬೂದಿ ಸ್ಟೀಲನ್ನು ತಿನ್ನುತ್ತೆ. ತಣ್ಣಗಾಗಿದ್ದನ್ನು ಅವ್ವ ಪಾತ್ರೆ ಬೆಳಗಲು ಎತ್ತಿಡುತ್ತಾರೆ. ಒಂದು ಮಳೆಗಾಲ ಕಳೆದ ಮೇಲೆ ಒಲೆಯ ಹಿಂದಿನ ಮೂಲೆಯಲ್ಲಿ ಸಣ್ಣ ಬಿರುಕು ಕಂಡಿತು. ಹೋದ ತಿಂಗಳು ಮಾವ ಬಂದಾಗ ತೋರಿಸಿದೆ. ಉಳಿದಿದ್ದ ಫೈರ್ ಕ್ಲೇ ಒಂದು ಹಿಡಿ ಕಲಸಿ, ಹೆಬ್ಬೆರಳಲ್ಲಿ ಒತ್ತಿ ಮೆತ್ತಿದರು. ಎರಡು ನಿಮಿಷದ ಕೆಲಸ. ಗ್ರಾನೈಟಿನಲ್ಲಿ ಒಂದು ಗೆರೆಯೂ ಇಲ್ಲ.