ಎರವಲು ಹೆಸರಿನಲ್ಲಿ ಹಾರಿದವರು: ಪ್ರಾದೇಶಿಕ ವಿಮಾನ ಸಂಸ್ಥೆಯೊಂದರ ಚರಿತ್ರೆಯನ್ನು ಬರೆಯುವ ಬಗೆ

ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ, ರೈಲು ಮಾರ್ಗವೂ ಇಲ್ಲ. ವಿಮಾನ ಹತ್ತಬೇಕಾದರೆ ವಿರಾಜಪೇಟೆ ಕಡೆಯವರು ಮಾಕುಟ್ಟ ಘಾಟಿ ಇಳಿದು ಮಟ್ಟನ್ನೂರಿನಲ್ಲಿರುವ ಕಣ್ಣೂರು ನಿಲ್ದಾಣಕ್ಕೆ ಹೋಗುತ್ತಾರೆ. ಮಡಿಕೇರಿಯವರು ಸಂಪಾಜೆ ದಾಟಿ ಮಂಗಳೂರಿಗೆ, ಕುಶಾಲನಗರದವರು ಮೈಸೂರಿನ ಮಂಡಕಳ್ಳಿಗೋ ಬೆಂಗಳೂರಿಗೋ ಹೋಗುತ್ತಾರೆ. ಆದರೂ ಸೇನೆಯ ನೌಕರಿಗಾಗಿ ದೇಶದ ಮೂಲೆಮೂಲೆಗೆ ಹೋಗಿಬಂದವರ ಮನೆಗಳು ನಮ್ಮಲ್ಲಿ ಬಹಳ ಇರುವುದರಿಂದ, ಹಳೆಯ ವಿಮಾನದ ಟಿಕೆಟ್ಟುಗಳು ಇಲ್ಲಿನ ಟ್ರಂಕುಗಳಲ್ಲಿ ಇಂದಿಗೂ ಸಿಗುತ್ತವೆ. ನನ್ನ ಸೋದರಮಾವನ ಟ್ರಂಕಿನಲ್ಲಿ ಸಿಕ್ಕಿದ್ದು ಕೋಲ್ಕತ್ತದಿಂದ ದೆಹಲಿಗೆ ಹೋದ ಪ್ರಯಾಣದ ಕೆಂಪು ಕಾರ್ಬನ್ನಿನ ಟಿಕೆಟ್ಟು. ಅವರು ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಹೋಗಿದ್ದರೆಂದೇ ಮನೆಯವರೆಲ್ಲ ಹೇಳುತ್ತಿದ್ದರು. ಆದರೆ ಟಿಕೆಟ್ಟಿನ ಮೇಲೆ ವಿಮಾನದ ಸಂಖ್ಯೆಗೆ ಮೊದಲು ಇದ್ದ ಅಕ್ಷರಗಳು ಇಂಡಿಯನ್ ಏರ್‌ಲೈನ್ಸ್‌ನ ‘ಐಸಿ’ ಅಲ್ಲ, ‘ಸಿಡಿ’. ಆ ಎರಡು ಅಕ್ಷರಗಳು ಅದರ ಅಂಗಸಂಸ್ಥೆಯಾಗಿದ್ದ ಅಲಯನ್ಸ್ ಏರ್‌ನವು. ದೊಡ್ಡ ಸಂಸ್ಥೆಗಾಗಿ ಹಾರಿದ ಸಣ್ಣ ಸಂಸ್ಥೆಯ ಚರಿತ್ರೆಯನ್ನು ಬರೆಯಲು ಹೊರಟವರು ಆರಂಭಿಸಬೇಕಾದದ್ದು ಇಂತಹ ಅಕ್ಷರಗಳಿಂದಲೇ.

ಮೊದಲು ಒಂದು ಭೇದವನ್ನು ಮನಸ್ಸಿನಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಟಿಕೆಟ್ಟನ್ನು ಮಾರಿದವರು, ವಿಮಾನದ ಮೈಮೇಲೆ ಹೆಸರು ಬರೆಸಿದವರು, ವಿಮಾನವನ್ನು ನಿಜವಾಗಿ ಹಾರಿಸಿದವರು, ವಿಮಾನದ ಒಡೆಯರು: ಈ ನಾಲ್ವರೂ ಒಬ್ಬರೇ ಆಗಿರಬೇಕೆಂದಿಲ್ಲ. ಪ್ರಾದೇಶಿಕ ಸಂಸ್ಥೆಗಳ ವಿಷಯದಲ್ಲಿ ಅವರು ಬೇರೆಬೇರೆಯಾಗಿರುವುದೇ ಹೆಚ್ಚು. ಈ ಪದ್ಧತಿಯ ಬೇರು ಅಮೆರಿಕದಲ್ಲಿದೆ. 1967ರಲ್ಲಿ ಅಲೆಘೆನಿ ಏರ್‌ಲೈನ್ಸ್ ತನಗೆ ಲಾಭ ತರದ ಸಣ್ಣ ಊರಿನ ಮಾರ್ಗವೊಂದನ್ನು ಹೆನ್ಸನ್ ಎಂಬ ಸಣ್ಣ ಸಂಸ್ಥೆಗೆ ಒಪ್ಪಿಸಿತು. ಹೆನ್ಸನ್‌ನ ವಿಮಾನಗಳು ‘ಅಲೆಘೆನಿ ಕಮ್ಯೂಟರ್’ ಎಂಬ ಹೆಸರು ಹೊತ್ತು ಹೇಗರ್ಸ್‌ಟೌನ್ ಮತ್ತು ಬಾಲ್ಟಿಮೋರ್ ನಡುವೆ ಹಾರಿದವು. ದೊಡ್ಡವರ ಹೆಸರು, ಸಣ್ಣವರ ದುಡಿಮೆ ಎಂಬ ಆ ಏರ್ಪಾಡು ಮುಂದೆ ಜಗತ್ತಿನ ಎಲ್ಲೆಡೆ ಹಬ್ಬಿತು. ಆದುದರಿಂದ ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಪ್ರತಿಯೊಂದು ಹಾರಾಟಕ್ಕೂ ಈ ನಾಲ್ಕು ಹೆಸರುಗಳಿಗೆ ನಾಲ್ಕು ಕಲಂಗಳನ್ನು ಗೆರೆ ಹಾಕಿ ಇಟ್ಟುಕೊಳ್ಳಿ. ಒಂದು ಕಲಂ ಖಾಲಿ ಉಳಿದರೆ ಉಳಿಯಲಿ, ಊಹೆಯಿಂದ ಮಾತ್ರ ತುಂಬಬೇಡಿ.

ಸಂಸ್ಥೆಯ ಹುಟ್ಟಿನ ದಿನಾಂಕವನ್ನು ಹುಡುಕುವುದು ಎರಡನೆಯ ಕೆಲಸ. ಇಲ್ಲಿ ಬಹಳ ಜನ ಎಡವುತ್ತಾರೆ, ಏಕೆಂದರೆ ಕಂಪನಿಯ ಹುಟ್ಟು ಬೇರೆ, ಹಾರಾಟದ ಹುಟ್ಟು ಬೇರೆ. ಅಲಯನ್ಸ್ ಏರ್ 1996ರಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಅಂಗಸಂಸ್ಥೆಯಾಗಿ ಹಾರಾಟ ಆರಂಭಿಸಿತು. ಅದನ್ನು ನಡೆಸುವ ಕಂಪನಿಯ ದಾಖಲೆಯಲ್ಲಿರುವ ಹೆಸರು ಏರ್‌ಲೈನ್ ಅಲೈಡ್ ಸರ್ವಿಸಸ್ ಲಿಮಿಟೆಡ್, ಮತ್ತು ಆ ಕಂಪನಿ ನೋಂದಣಿಯಾದದ್ದು 1983ರಲ್ಲಿ. ನಮ್ಮ ದೇಶದ ಪ್ರತಿಯೊಂದು ಕಂಪನಿಯ 21 ಅಕ್ಷರಗಳ ಗುರುತು ಸಂಖ್ಯೆಯ ನಡುವೆ ಅದು ನೋಂದಣಿಯಾದ ವರ್ಷವೂ ಸೇರಿರುತ್ತದೆ. ಸಂಸ್ಥೆಯ ವಾರ್ಷಿಕ ವರದಿಯ ಮೇಲೆ ಆ ಸಂಖ್ಯೆಯನ್ನು ಕಂಡರೆ ವರ್ಷವನ್ನು ಯಾರನ್ನೂ ಕೇಳದೆ ಓದಿಕೊಳ್ಳಬಹುದು. ಈ ಸಂಸ್ಥೆಯ ಪೈಲಟ್‌ಗಳು ರೇಡಿಯೋದಲ್ಲಿ ತಮ್ಮನ್ನು ‘ಅಲೈಡ್’ ಎಂದು ಕರೆದುಕೊಳ್ಳುವುದು ಏಕೆ ಎಂಬುದೂ ಕಂಪನಿಯ ಹೆಸರು ತಿಳಿದಾಗಲೇ ಅರ್ಥವಾಗುತ್ತದೆ. ಪ್ರಯಾಣಿಕರು ನೋಡುವ ಹೆಸರು ಬದಲಾಗುತ್ತಾ ಹೋದರೂ ಆಕಾಶದಲ್ಲಿ ಕೇಳುವ ಹೆಸರು ಹಳೆಯದನ್ನು ಉಳಿಸಿಕೊಂಡಿರುತ್ತದೆ.

ಹುಟ್ಟಿನ ಕಾರಣವನ್ನು ಬರೆಯದೆ ದಿನಾಂಕವನ್ನಷ್ಟೇ ಬರೆದರೆ ಅದು ಚರಿತ್ರೆಯಾಗುವುದಿಲ್ಲ. 1953ರ ವಾಯು ನಿಗಮಗಳ ಕಾಯ್ದೆ 1994ರಲ್ಲಿ ರದ್ದಾಗಿ, ಸರ್ಕಾರಿ ಸಂಸ್ಥೆಗಳ ಏಕಸ್ವಾಮ್ಯ ಕಾನೂನಿನ ಮಟ್ಟದಲ್ಲಿಯೇ ಕೊನೆಗೊಂಡಿತ್ತು. ಖಾಸಗಿಯವರು ಬಂದು ನಿಂತ ಆ ಮಾರುಕಟ್ಟೆಯಲ್ಲಿ ಇಂಡಿಯನ್ ಏರ್‌ಲೈನ್ಸ್ ತನ್ನ ಹಳೆಯ ಬೋಯಿಂಗ್ 737 ವಿಮಾನಗಳನ್ನು ಅಂಗಸಂಸ್ಥೆಯ ಕೈಗೆ ಕೊಟ್ಟಿತು. ಅದಕ್ಕೂ ಹಿಂದೆ, 1981ರಲ್ಲಿ, ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಕೂಡಿ ಸಣ್ಣ ಊರುಗಳಿಗಾಗಿ ವಾಯುದೂತ್ ಎಂಬ ಸಂಸ್ಥೆಯನ್ನು ಕಟ್ಟಿದ್ದವು. ಅದರ ಏಳುಬೀಳುಗಳನ್ನು ಓದಿಕೊಳ್ಳದೆ ಅಲಯನ್ಸ್ ಏರ್‌ನ ಕಥೆಗೆ ಕೈಹಾಕಬಾರದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಸಣ್ಣ ಊರಿಗೆ ವಿಮಾನ ಹೋಗಬೇಕು, ಆದರೆ ನಷ್ಟವನ್ನು ಯಾರು ಹೊರಬೇಕು ಎಂಬ ಪ್ರಶ್ನೆಯನ್ನು ಎರಡೂ ಎದುರಿಸಿದವು.

ಮೂರನೆಯದಾಗಿ, ವಿಮಾನಗಳನ್ನು ಒಂದೊಂದಾಗಿ ಹಿಂಬಾಲಿಸಬೇಕು. ಭಾರತದ ನಾಗರಿಕ ವಿಮಾನದ ನೋಂದಣಿ ಸಂಖ್ಯೆ ‘ವಿಟಿ’ ಎಂದು ಆರಂಭವಾಗಿ ಮೂರು ಅಕ್ಷರಗಳಲ್ಲಿ ಮುಗಿಯುತ್ತದೆ, ಬಾಲದ ಬಳಿ ದೊಡ್ಡದಾಗಿ ಬರೆದಿರುತ್ತದೆ. ಹಳೆಯ ಫೋಟೋದಲ್ಲಿ ಮನುಷ್ಯರ ಹಿಂದೆ ವಿಮಾನವಿದ್ದರೆ ಮುಖಗಳನ್ನು ಬಿಟ್ಟು ಮೊದಲು ಅದನ್ನು ಭೂತಗನ್ನಡಿಯಲ್ಲಿ ಓದಿ. ಬೋಯಿಂಗ್ ಸಂಸ್ಥೆ ತನ್ನ ಹಳೆಯ ಮಾದರಿಗಳಲ್ಲಿ ಪ್ರತಿಯೊಬ್ಬ ಗ್ರಾಹಕರಿಗೂ ಒಂದು ಸಂಕೇತವನ್ನು ಕೊಡುತ್ತಿತ್ತು. ಇಂಡಿಯನ್ ಏರ್‌ಲೈನ್ಸ್‌ನ ಸಂಕೇತ ‘ಎ8’. 2000ದ ಜುಲೈ 17ರಂದು ಪಾಟ್ನಾದಲ್ಲಿ ಇಳಿಯುವ ಮುನ್ನ ಮನೆಗಳ ಮೇಲೆ ಬಿದ್ದ ಅಲಯನ್ಸ್ ಏರ್‌ನ ‘ಸಿಡಿ 7412’ ವಿಮಾನದ ಮಾದರಿ 737-2ಎ8. ಹಾರಿಸಿದವರು ಅಲಯನ್ಸ್ ಏರ್, ಆದರೆ ಕಾರ್ಖಾನೆಯಲ್ಲಿ ಅದು ತಯಾರಾದದ್ದು ಇಂಡಿಯನ್ ಏರ್‌ಲೈನ್ಸ್‌ಗಾಗಿ ಎಂಬುದನ್ನು ಮಾದರಿಯ ಕೊನೆಯ ಎರಡು ಅಕ್ಷರಗಳೇ ಹೇಳುತ್ತವೆ. ಆ ದುರಂತದಲ್ಲಿ ವಿಮಾನದಲ್ಲಿದ್ದ 58 ಮಂದಿಯಲ್ಲಿ 55 ಮಂದಿ, ನೆಲದ ಮೇಲಿದ್ದ ಐವರು ಸತ್ತರು.

ಅಪಘಾತದ ಪುಟವನ್ನು ಬರೆಯುವಾಗ ವಿಶೇಷ ಎಚ್ಚರಿಕೆ ಬೇಕು. ಹೆಸರುಗಳ ಗೊಂದಲ ಸಾಮಾನ್ಯ ದಿನಗಳಲ್ಲಿ ಯಾರನ್ನೂ ಬಾಧಿಸುವುದಿಲ್ಲ. ಸಾವು ನೋವು ಆದಾಗ ಹೊಣೆ ಯಾರದು ಎಂಬ ಪ್ರಶ್ನೆಯಾಗಿ ಅದು ಎದುರು ನಿಲ್ಲುತ್ತದೆ. 2009ರ ಫೆಬ್ರುವರಿ 12ರಂದು ಅಮೆರಿಕದ ಬಫಲೋ ನಗರದ ಬಳಿ ‘ಕಾಂಟಿನೆಂಟಲ್ ಕನೆಕ್ಷನ್’ ಹೆಸರಿನ ವಿಮಾನ ಬಿದ್ದು 50 ಮಂದಿ ಸತ್ತರು. ಅದನ್ನು ಹಾರಿಸುತ್ತಿದ್ದುದು ಕೋಲ್ಗನ್ ಏರ್ ಎಂಬ ಪ್ರಾದೇಶಿಕ ಸಂಸ್ಥೆ. ಮರುವರ್ಷ ಅಲ್ಲಿ ಬಂದ ಕಾನೂನು, ಜಾಲತಾಣದಲ್ಲಿ ಟಿಕೆಟ್ ಮಾರುವಾಗ ವಿಮಾನವನ್ನು ನಿಜವಾಗಿ ಹಾರಿಸುವವರ ಹೆಸರನ್ನು ಮೊದಲ ನೋಟಕ್ಕೇ ಕಾಣುವಂತೆ ತೋರಿಸಬೇಕೆಂದು ವಿಧಿಸಿತು. ನಿಮ್ಮ ಬರಹದಲ್ಲಿಯೂ ಅದೇ ನಿಯಮವನ್ನು ಪಾಲಿಸಿ: ಹಾರಿಸಿದವರ ಹೆಸರು ಮೊದಲು, ಯಾರಿಗಾಗಿ ಹಾರಿಸಿದರು ಎಂಬುದು ಆನಂತರ.

ಒಪ್ಪಂದದ ಸ್ವರೂಪವನ್ನು ಅರಿಯುವುದು ಈ ಕೆಲಸದ ಹೃದಯಭಾಗ. ಕಾಫಿ ತೋಟದವರಿಗೆ ಇದನ್ನು ವಿವರಿಸುವುದು ಸುಲಭ. ಗಿಡದ ಮೇಲಿನ ಫಸಲನ್ನು ವ್ಯಾಪಾರಿಗೆ ಮೊದಲೇ ಇಡುಗಂಟಿಗೆ ಕೊಟ್ಟರೆ ಬೆಲೆ ಬಿದ್ದಾಗಿನ ನಷ್ಟ ವ್ಯಾಪಾರಿಯದು. ತಾವೇ ಕೊಯ್ದು ಒಣಗಿಸಿ ಮಾರಿದರೆ ಲಾಭವೂ ನಷ್ಟವೂ ತೋಟದವರದು. ವಿಮಾನದಲ್ಲಿಯೂ ಹಾಗೆಯೇ. ಒಂದು ಬಗೆಯ ಒಪ್ಪಂದದಲ್ಲಿ ದೊಡ್ಡ ಸಂಸ್ಥೆ ಸಣ್ಣ ಸಂಸ್ಥೆಯ ಎಲ್ಲ ಆಸನಗಳನ್ನೂ ಕೊಂಡು, ಪ್ರತಿ ಹಾರಾಟಕ್ಕೆ ನಿಗದಿತ ಹಣ ಕೊಟ್ಟು, ವೇಳಾಪಟ್ಟಿಯನ್ನೂ ದರವನ್ನೂ ತಾನೇ ನಿರ್ಧರಿಸುತ್ತದೆ. ಆಸನ ಖಾಲಿ ಉಳಿದರೆ ನಷ್ಟ ದೊಡ್ಡವರಿಗೆ. ಇನ್ನೊಂದು ಬಗೆಯಲ್ಲಿ ಟಿಕೆಟ್ಟಿನ ಹಣವನ್ನು ಪ್ರಯಾಣದ ದೂರಕ್ಕೆ ಅನುಗುಣವಾಗಿ ಹಂಚಿಕೊಳ್ಳುತ್ತಾರೆ, ಖಾಲಿ ಆಸನದ ಭಾರ ಸಣ್ಣವರ ಮೇಲೂ ಬೀಳುತ್ತದೆ. ಮೂರನೆಯದು, ವಿಮಾನವನ್ನೂ ಸಿಬ್ಬಂದಿಯನ್ನೂ ಸೇರಿಸಿ ಬಾಡಿಗೆಗೆ ಕೊಡುವುದು. ಸಂಸ್ಥೆಯೊಂದು ಏಕೆ ಬೆಳೆಯಿತು, ಏಕೆ ಮುಳುಗಿತು ಎಂಬುದಕ್ಕೆ ಉತ್ತರ ಬಹುಪಾಲು ಇಲ್ಲಿಯೇ ಇರುವುದರಿಂದ, ಖಾಲಿ ಆಸನದ ನಷ್ಟ ಯಾರ ತಲೆಯ ಮೇಲಿತ್ತು ಎಂಬುದನ್ನು ಪ್ರತಿ ಅವಧಿಗೂ ಪ್ರತ್ಯೇಕವಾಗಿ ಕೇಳಿಕೊಳ್ಳಬೇಕು.

ನಮ್ಮ ದೇಶದಲ್ಲಿ ಈ ಲೆಕ್ಕಕ್ಕೆ ಸರ್ಕಾರವೂ ಸೇರಿಕೊಂಡಿದೆ. ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕಲ್ಪಿಸುವ ಉಡಾನ್ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು, ಹಾರಿಸಿದ್ದು ಅಲಯನ್ಸ್ ಏರ್. ಸುಮಾರು ಒಂದು ಗಂಟೆಯ ಪ್ರಯಾಣಕ್ಕೆ ಒಂದಷ್ಟು ಆಸನಗಳ ದರವನ್ನು 2,500 ರೂಪಾಯಿಗೆ ಮಿತಿಗೊಳಿಸಿ, ಕೊರತೆಯನ್ನು ಮೂರು ವರ್ಷ ಸರ್ಕಾರ ತುಂಬಿಕೊಡುವುದು ಆರಂಭದಲ್ಲಿ ಆ ಯೋಜನೆಯ ಕ್ರಮವಾಗಿತ್ತು. ಮೈಸೂರಿಗೆ ಅಲಯನ್ಸ್ ಏರ್ 2019ರಲ್ಲಿ ಬಂದದ್ದೂ ಇದೇ ದಾರಿಯಲ್ಲಿ. ಹೀಗಾಗಿ ಯಾವುದೇ ಮಾರ್ಗದ ಬಗ್ಗೆ ಬರೆಯುವಾಗ ಉದ್ಘಾಟನೆಯ ಸುದ್ದಿಯಲ್ಲಿ ನಿಲ್ಲದೆ, ಮೂರು ವರ್ಷ ಕಳೆದ ಮೇಲಿನ ವೇಳಾಪಟ್ಟಿಯನ್ನೂ ತೆಗೆದು ನೋಡಬೇಕು.

ಮಂಡಕಳ್ಳಿಗೆ ಹೋದಾಗ ವಿಮಾನವನ್ನು ಹತ್ತಿರದಿಂದ ಗಮನಿಸುವುದು ಒಳ್ಳೆಯದು. ಅಲ್ಲಿನ ರನ್‌ವೇ ಚಿಕ್ಕದು. ಅಲ್ಲಿ ಬಂದಿಳಿದ ಎಟಿಆರ್ 72 ವಿಮಾನದ ರೆಕ್ಕೆ ನೆತ್ತಿಯ ಮೇಲಿರುತ್ತದೆ, ಎರಡು ಪ್ರೊಪೆಲ್ಲರ್‌ಗಳಿರುತ್ತವೆ, ಪ್ರಯಾಣಿಕರು ಹಿಂಬದಿಯ ಬಾಗಿಲಿನಿಂದ ಹತ್ತುತ್ತಾರೆ, ಆ ಬಾಗಿಲೇ ಕೆಳಕ್ಕೆ ಮಡಚಿ ಮೆಟ್ಟಿಲಾಗುತ್ತದೆ. ಮೆಟ್ಟಿಲುಗಾಡಿಯನ್ನು ತರಿಸುವ ಅಗತ್ಯವಿಲ್ಲದ, ಚಿಕ್ಕ ರನ್‌ವೇ ಸಾಕಾಗುವ ಸುಮಾರು 70 ಆಸನಗಳ ಈ ವಿಮಾನವನ್ನು ಕಣ್ಣಾರೆ ಕಂಡವರಿಗೆ, ಪ್ರಾದೇಶಿಕ ಸಂಸ್ಥೆ ಇದನ್ನೇ ಏಕೆ ಆರಿಸಿಕೊಂಡಿತು ಎಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಕಾಗದಪತ್ರಗಳ ಹುಡುಕಾಟದ ಬಗ್ಗೆ ಒಂದು ಮಾತು. ಸಣ್ಣ ಸಂಸ್ಥೆಯ ವಿಷಯ ಅದರ ಸ್ವಂತ ಕಡತಗಳಿಗಿಂತ ದೊಡ್ಡ ಸಂಸ್ಥೆಯ ವಾರ್ಷಿಕ ವರದಿಯ ಅಂಗಸಂಸ್ಥೆಗಳ ಪುಟಗಳಲ್ಲಿ, ಸಂಸತ್ತಿನ ಪ್ರಶ್ನೋತ್ತರಗಳಲ್ಲಿ, ಮಹಾಲೇಖಪಾಲರ ವರದಿಗಳಲ್ಲಿ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮಾಸಿಕ ಅಂಕಿಅಂಶಗಳಲ್ಲಿ ಹೆಚ್ಚು ಸಿಗುತ್ತದೆ. ಬೇರೆಯವರ ಕಡತದಲ್ಲಿ ನಮ್ಮವರ ಕಥೆ ಇರುವುದು ಕೊಡಗಿನವರಿಗೆ ಹೊಸದಲ್ಲ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯ ವೇಳೆ ತಮಗಿಂತ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿದ್ದು, ಪಾಕಿಸ್ತಾನದ ಕಡೆಯ ವಿವರಗಳು ಹೊರಬಂದ ಮೇಲಷ್ಟೇ ಇಲ್ಲಿ ತಿಳಿಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಮನೆಮನೆಗಳಲ್ಲಿ ನೆನಪುಗಳನ್ನು ಕೇಳಲು ಹೊರಡುವವರು ಕಾಫಿ ಕೊಯ್ಲಿನ ತಿಂಗಳುಗಳನ್ನು ಬಿಟ್ಟು ಹೋಗಬೇಕು. ಆಗ ಯಾರಿಗೂ ಕೂತು ಮಾತನಾಡಲು ಬಿಡುವಿರುವುದಿಲ್ಲ. ಹಿರಿಯರನ್ನು ‘ಯಾವ ವರ್ಷ’ ಎಂದು ಕೇಳಿದರೆ ಅಂದಾಜು ಹೇಳುತ್ತಾರೆ. ‘ಪುತ್ತರಿಗೆ ಬಂದಿರಾ, ಮಗಳ ಮದುವೆಗೆ ಬಂದಿರಾ, ಹತ್ತಿದ್ದು ಮುಂದಿನ ಬಾಗಿಲಿನಿಂದಲೋ ಹಿಂದಿನಿಂದಲೋ’ ಎಂದು ಕೇಳಿದರೆ ವರ್ಷವೂ ವಿಮಾನದ ಜಾತಿಯೂ ತಾನಾಗಿ ಹೊರಬರುತ್ತವೆ. ಬೋರ್ಡಿಂಗ್ ಪಾಸ್ ಸಿಕ್ಕಿದರೆ ಆ ದಿನವೇ ಎರಡೂ ಬದಿಯ ಫೋಟೋ ತೆಗೆಯಿರಿ. ಶಾಖದಿಂದ ಮುದ್ರಿಸಿದ ಅಕ್ಷರಗಳು ಕೆಲವೇ ವರ್ಷಗಳಲ್ಲಿ ಅಳಿಸಿಹೋಗುತ್ತವೆ, ನಮ್ಮ ಮಳೆಗಾಲದ ಬೂಸಲು ಉಳಿದದ್ದನ್ನು ತಿನ್ನುತ್ತದೆ. ಸೋದರಮಾವನ ಟಿಕೆಟ್ಟು ಉಳಿದದ್ದು ಆ ಟ್ರಂಕು ಅಡುಗೆಮನೆಯ ಅಟ್ಟದಲ್ಲಿ, ಒಲೆಯ ಶಾಖ ತಾಗುವ ಜಾಗದಲ್ಲಿ ಇದ್ದುದರಿಂದ.

ಕೊನೆಯ ಅಧ್ಯಾಯದ ದಿನಾಂಕಗಳನ್ನು ತೂಗಿ ಬರೆಯಬೇಕು. 2007ರಲ್ಲಿ ಇಂಡಿಯನ್ ಏರ್‌ಲೈನ್ಸ್ ಏರ್ ಇಂಡಿಯಾದೊಂದಿಗೆ ವಿಲೀನವಾಯಿತು. ಆ ಬಳಿಕ ಕೆಲವು ಕಾಲ ಅಲಯನ್ಸ್ ಏರ್ ‘ಏರ್ ಇಂಡಿಯಾ ರೀಜನಲ್’ ಎಂಬ ಹೆಸರಿನಲ್ಲಿ ಹಾರಿತು. 2022ರ ಜನವರಿ 27ರಂದು ಏರ್ ಇಂಡಿಯಾ ಟಾಟಾ ಸಮೂಹದ ಕೈಗೆ ಹೋಯಿತು, ಅಲಯನ್ಸ್ ಏರ್ ಮಾತ್ರ ಸರ್ಕಾರದಲ್ಲಿಯೇ ಉಳಿಯಿತು. ಟಿಕೆಟ್ ಮಾರಾಟದ ನಂಟು ಆ ದಿನವೇ ಕಡಿಯಲಿಲ್ಲ. ಅದೇ ವರ್ಷ ಏಪ್ರಿಲ್ ನಡುಭಾಗದಿಂದ ಅದು ‘9ಐ’ ಎಂಬ ತನ್ನದೇ ಸಂಕೇತದಲ್ಲಿ ತನ್ನ ಟಿಕೆಟ್ಟುಗಳನ್ನು ತಾನೇ ಮಾರತೊಡಗಿತು. ಆದ್ದರಿಂದ 2022ರ ಫೆಬ್ರುವರಿಯ ಟಿಕೆಟ್ಟೊಂದು ನಿಮ್ಮ ಕೈಗೆ ಬಂದರೆ, ಮಾರಿದವರ ಕಲಂನಲ್ಲಿ ಏರ್ ಇಂಡಿಯಾವನ್ನೂ ಹಾರಿಸಿದವರ ಕಲಂನಲ್ಲಿ ಅಲಯನ್ಸ್ ಏರ್ ಅನ್ನೂ ಬರೆದು, ಇವೆರಡರ ಒಡೆಯರು ಆಗಲೇ ಬೇರೆಬೇರೆಯಾಗಿದ್ದರು ಎಂದು ಪಕ್ಕದಲ್ಲಿ ಗುರುತು ಹಾಕಿಡಿ.